ಗೊಬ್ಬರ ಬಿದ್ದ ಮೇಲೆ ಬೆಳೆ ಸುಡುವುದೇಕೆ?

ಲಕ್ಷ್ಮೇಶ್ವರ ತಾಲ್ಲೂಕಿನ ಯಳವತ್ತಿ ಸುತ್ತಿನ ಎರೆ ಸೀಮೆಯಲ್ಲಿ ಗೋವಿನಜೋಳಕ್ಕೆ ಮೇಲುಗೊಬ್ಬರ ಕೊಡುವ ಮುಂಚೆ ರೈತರು ಮುಗಿಲು ನೋಡುತ್ತಾರೆ. ‘ಗೊಬ್ಬರ ಹಾಕಿ ಮಳಿ ಬರಲಿಲ್ಲಂದ್ರ ಬೆಳಿ ಸುಡತೈತಿ’ ಎಂಬ ಎಚ್ಚರ ಅವರದು. ಹಾಗೆ ಸುಟ್ಟ ಗಿಡ ನೋಡಿ: ಎಲೆ ಸುರುಳಿ ಸುತ್ತಿರುತ್ತದೆ, ತುದಿ ಮತ್ತು ಅಂಚು ಕಂದುಗಟ್ಟಿ ಗರಿಗರಿಯಾಗಿರುತ್ತವೆ. ಬುಡ ಕೆದಕಿದರೆ ಮಣ್ಣಿನಲ್ಲಿ ತೇವ ಇನ್ನೂ ಕೈಗೆ ತಾಗುತ್ತದೆ. ನೀರಿದ್ದೂ ಗಿಡ ಒಣಗಿದೆ.

ಕಾರಣ ಆ ನೀರಿನಲ್ಲಿ ಕರಗಿರುವ ವಸ್ತು. ಬೇರಿನ ಜೀವಕೋಶದ ಪೊರೆ ನೀರನ್ನು ಸಲೀಸಾಗಿ ಬಿಡುತ್ತದೆ, ಲವಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಇಂಥ ಪೊರೆಯ ಎರಡೂ ಬದಿಗೆ ದ್ರಾವಣವಿದ್ದರೆ ನೀರು ತೆಳುವಾದ ಕಡೆಯಿಂದ ಗಟ್ಟಿಯಾದ ಕಡೆಗೆ ಹರಿಯುತ್ತದೆ. ಸಾಮಾನ್ಯವಾಗಿ ಬೇರಿನೊಳಗಿನ ರಸವೇ ಗಟ್ಟಿ; ಹಾಗಾಗಿ ನೀರು ಒಳಗೆ ಬರುತ್ತದೆ. ಮಣ್ಣಿನ ಅಲ್ಪ ತೇವದಲ್ಲಿ ಗೊಬ್ಬರ ಕರಗಿ ಹೊರಗಿನ ದ್ರಾವಣ ಗಟ್ಟಿಯಾದರೆ ಈ ಸೆಳೆತ ಕುಗ್ಗುತ್ತದೆ, ಕೆಲವೊಮ್ಮೆ ತಿರುವುಮುರುವಾಗುತ್ತದೆ. ಯೂರಿಯಾದಿಂದ ಹುಟ್ಟುವ ಅಮೋನಿಯಾ ಕೂಡ ಬೇರಿಗೆ ಪೆಟ್ಟು ಕೊಡುತ್ತದೆ.

ನೀರಿನ ಈ ಸೆಳೆತವನ್ನು ಲೆಕ್ಕಕ್ಕೆ ತಂದವರು ಡಚ್ ವಿಜ್ಞಾನಿ ವಾಂಟ್ ಹಾಫ್. ಕರಗಿದ ವಸ್ತು ಯಾವುದು ಎಂಬುದಕ್ಕಿಂತ ಅದರ ಕಣಗಳು ಎಷ್ಟಿವೆ ಎಂಬುದೇ ತೆಳು ದ್ರಾವಣದಲ್ಲಿ ನೀರನ್ನು ಸೆಳೆಯುವ ಒತ್ತಡವನ್ನು ನಿರ್ಧರಿಸುತ್ತದೆ ಎಂದು 1887ರಲ್ಲಿ ಅವರು ವಿವರಿಸಿದರು. ರಸಾಯನಶಾಸ್ತ್ರದ ಮೊದಲ ನೊಬೆಲ್ 1901ರಲ್ಲಿ ಅವರಿಗೇ ಸಂದಿತು. ಒಂದು ಲೀಟರ್ ದ್ರಾವಣದಲ್ಲಿ 34 ಗ್ರಾಂ ಸಕ್ಕರೆ ಇದ್ದರೂ 6 ಗ್ರಾಂ ಯೂರಿಯಾ ಇದ್ದರೂ ಕಣಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಒತ್ತಡ ಸುಮಾರು 2.5 ವಾಯುಭಾರ. ಏಳೂವರೆ ಗ್ರಾಂ ಪೊಟ್ಯಾಷ್ ಕರಗಿದರೆ ಸುಮಾರು 5. ಏಕೆಂದರೆ ಪೊಟ್ಯಾಷಿನ ಪ್ರತಿ ಘಟಕವೂ ಕರಗಿದಾಗ ಎರಡು ಅಯಾನುಗಳಾಗಿ ಒಡೆಯುತ್ತದೆ.

ಪೊರೆಯ ಇದೇ ನಿಯಮವನ್ನು ಹಿಮ್ಮುಖವಾಗಿ ದುಡಿಸುವ ಯಂತ್ರ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿದೆ. ಮುಂಡರಗಿ ಭಾಗದ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಆ ನೀರನ್ನು ಘಟಕದ ಪಂಪು ಸಹಜ ಒತ್ತಡವನ್ನು ಮೀರಿಸಿ ದಬ್ಬಿದಾಗ ನೀರು ಗಟ್ಟಿ ಕಡೆಯಿಂದ ತೆಳು ಕಡೆಗೆ ಪೊರೆ ದಾಟುತ್ತದೆ. ಲವಣ, ಫ್ಲೋರೈಡ್ ಬಹುಪಾಲು ಹಿಂದೆ ಉಳಿಯುತ್ತವೆ. ಬಳಕೆಗೆ ಒಗ್ಗುವ ಇಂಥ ಪೊರೆಯನ್ನು 1960ರ ಹೊತ್ತಿಗೆ ಅಮೆರಿಕದಲ್ಲಿ ರೂಪಿಸಿದವರು ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್.

ಆದರೆ ಲವಣ ಎಲ್ಲಿಯೂ ಮಾಯವಾಗುವುದಿಲ್ಲ. ಅರ್ಧ ನೀರು ಶುದ್ಧವಾಗಿ ಬಂದರೆ ಉಳಿದರ್ಧದಲ್ಲಿ ಲವಣದ ಸಾಂದ್ರತೆ ಸುಮಾರು ಇಮ್ಮಡಿ. ಆ ನೀರನ್ನು ದಿನವೂ ಹಿತ್ತಲಿಗೆ, ಹೊಲಕ್ಕೆ ಹರಿಸಿದರೆ ನೆಲ ನಿಧಾನವಾಗಿ ಸವಳಾಗುತ್ತದೆ. ನೀರು ಬಸಿಯದ ಎರೆ ಮಣ್ಣಿನಲ್ಲಿ ಅದನ್ನು ತೊಳೆದು ತೆಗೆಯುವುದು ಬಲು ಕಷ್ಟ. ಗೊಬ್ಬರವನ್ನು ತೇವ ನೋಡಿ, ಬುಡದಿಂದ ಸ್ವಲ್ಪ ದೂರಕ್ಕೆ, ಕಂತು ಕಂತಾಗಿ ಕೊಡುವ ರೈತರ ವಿವೇಕವನ್ನು ಘಟಕದ ಹೊರಹರಿವಿನ ವಿಷಯದಲ್ಲೂ ಊರು ಪಾಲಿಸಬೇಕು. ಅದನ್ನು ಚರಂಡಿಗೂ ಹೊಲಕ್ಕೂ ಬಿಡದೆ ಪ್ರತ್ಯೇಕವಾಗಿ ಹಿಡಿದಿಟ್ಟು ತೊಳೆಯುವ ಕೆಲಸಕ್ಕೆ ಬಳಸುವ ಏರ್ಪಾಡು ಪ್ರತಿ ಘಟಕಕ್ಕೂ ಬೇಕು.