ನಿಮಗಿದು ಗೊತ್ತೇ? ಮೊದಲ ಹದಿನೈದು ನಿಮಿಷಕ್ಕೇ ಹೆಚ್ಚು ಫಲ

◆ ವ್ಯಾಯಾಮ ಹೃದಯವನ್ನು ಕಾಯುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷಿ ಸಿಕ್ಕಿದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ. ಜೆರ್ರಿ ಮಾರಿಸ್ ಎಂಬ ವೈದ್ಯರು ಸಾವಿರಾರು ಬಸ್ ನೌಕರರ ಆರೋಗ್ಯದ ದಾಖಲೆಗಳನ್ನು ಜಾಲಾಡಿದರು. ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರದೂ ಅದೇ ಊರು, ಅದೇ ಬಸ್ಸು, ಹೆಚ್ಚುಕಡಿಮೆ ಅದೇ ಬಗೆಯ ಬದುಕು. ಡ್ರೈವರ್ ಮಾತ್ರ ಪಾಳಿ ಮುಗಿಯುವ ತನಕ ಕೂತೇ ಇರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ ಐನೂರು–ಆರುನೂರು ಮೆಟ್ಟಿಲು ಹತ್ತುತ್ತಿದ್ದ. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ವೈದ್ಯಲೋಕವನ್ನು ಬೆರಗುಗೊಳಿಸಿತು. ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ, ಬಂದರೂ ತಡವಾಗಿ ಬರುತ್ತಿತ್ತು, ಬಂದಾಗ ಪ್ರಾಣ ತೆಗೆಯುವುದೂ ಕಡಿಮೆ.

◆ ಡ್ರೈವರುಗಳು ದಪ್ಪಗಿದ್ದದ್ದೇ ಕಾರಣ ಇರಬಹುದಲ್ಲ? ಮಾರಿಸ್‌ಗೂ ಈ ಪ್ರಶ್ನೆ ಬಂತು. ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರದ ಪ್ಯಾಂಟುಗಳ ಸೊಂಟದಳತೆಯನ್ನೇ ಅವರು ತರಿಸಿಕೊಂಡು ನೋಡಿದರು. ಡ್ರೈವರುಗಳ ಸೊಂಟ ದೊಡ್ಡದೇನೋ ಹೌದು. ಆದರೆ ಸಣಕಲು ಡ್ರೈವರನ್ನು ಸಣಕಲು ಕಂಡಕ್ಟರ್ ಜೊತೆಗಿಟ್ಟು ನೋಡಿದರೂ ಕಂಡಕ್ಟರನೇ ಕ್ಷೇಮ. ತೆಳ್ಳಗಿದ್ದೇನೆ, ನನಗೇಕೆ ವ್ಯಾಯಾಮ ಎನ್ನುವವರು ಈ ಸಂಗತಿಯನ್ನು ಮರೆಯಬಾರದು. ಮಾರಿಸ್ 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

◆ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ಯಾವ ವೈದ್ಯರು ಹಾಕಿದ್ದೂ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಹೊಸತರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದು, ‘ಹತ್ತು ಸಾವಿರ ಹೆಜ್ಜೆಯ ಮೀಟರ್’ ಎಂಬರ್ಥದ ಹೆಸರಿಟ್ಟಿತು. ಆ ಸಂಖ್ಯೆ ಅಲ್ಲಿಂದ ಹೊರಟು ಇಂದು ನಮ್ಮ ಕೈಗಡಿಯಾರಗಳಲ್ಲಿ, ಮೊಬೈಲುಗಳಲ್ಲಿ ಕೂತಿದೆ.

◆ ಹಾಗಾದರೆ ಎಷ್ಟು ಹೆಜ್ಜೆ ಸಾಕು? ಅಮೆರಿಕದಲ್ಲಿ ಸರಾಸರಿ 72 ವರ್ಷದ 16,741 ಹೆಂಗಸರ ಹೆಜ್ಜೆಗಳನ್ನು ಎಣಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ ಸುಮಾರು 4,400 ಹೆಜ್ಜೆ ನಡೆಯುತ್ತಿದ್ದವರಲ್ಲಿ ಸಾವು ಶೇ 41ರಷ್ಟು ಕಡಿಮೆ. ಹೆಜ್ಜೆ ಹೆಚ್ಚಿದಂತೆ ಲಾಭವೂ ಏರುತ್ತ ಹೋಗಿ, 7,500ರ ಹೊತ್ತಿಗೆ ನಿಂತಿತು. ಹತ್ತು ಸಾವಿರ ಆಗುವುದಿಲ್ಲವೆಂದು ನಡೆಯುವುದನ್ನೇ ಬಿಟ್ಟ ಅಜ್ಜಿಯರಿಗೆ ಮನೆಯವರು ಇದನ್ನು ಓದಿ ಹೇಳಬೇಕು.

◆ ತೈವಾನಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕ ಇದಕ್ಕಿಂತಲೂ ಸ್ಪಷ್ಟ. ಏನೂ ಮಾಡದವರಿಗೆ ಹೋಲಿಸಿದರೆ ದಿನಕ್ಕೆ ಬರೀ 15 ನಿಮಿಷ ವ್ಯಾಯಾಮ ಮಾಡುವವರಲ್ಲಿ ಸಾವಿನ ಅಪಾಯ ಶೇ 14ರಷ್ಟು ಕಡಿಮೆ. ಆಯುಸ್ಸಿನ ಲೆಕ್ಕದಲ್ಲಿ ಸುಮಾರು ಮೂರು ವರ್ಷ ಹೆಚ್ಚು. ಅದರ ಮೇಲೆ ಇನ್ನೂ 15 ನಿಮಿಷ ಸೇರಿಸಿದರೆ ಸಿಗುವುದು ಮತ್ತೆ ಶೇ 4 ಮಾತ್ರ. ಅಂದರೆ ಅತಿ ದೊಡ್ಡ ಲಾಭ ಇರುವುದು ಸೊನ್ನೆಯಿಂದ ಹದಿನೈದಕ್ಕೆ ಹೋಗುವುದರಲ್ಲಿ. ಈ ಅಂಕಣದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನೇ ಇಡಿ.

◆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. 65 ದಾಟಿದವರು ಇವುಗಳ ಜೊತೆಗೆ ಮೈಯ ಸಮತೋಲ ಕಾಯುವ ಅಭ್ಯಾಸವನ್ನೂ ವಾರಕ್ಕೆ ಮೂರು ದಿನ ಮಾಡಬೇಕು. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಮಾಡಿದರಷ್ಟೇ ಲೆಕ್ಕ ಎಂಬ ಹಳೆಯ ಷರತ್ತನ್ನು ಸಂಸ್ಥೆ 2020ರಲ್ಲಿ ಕೈಬಿಟ್ಟಿತು. ಬಸ್‌ಸ್ಟಾಪಿಗೆ ಬಿರುಸಾಗಿ ನಡೆದ ನಾಲ್ಕು ನಿಮಿಷವೂ ಈಗ ಲೆಕ್ಕಕ್ಕೆ ಸೇರುತ್ತದೆ.

◆ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ ಈ ಕನಿಷ್ಠವನ್ನೂ ಮುಟ್ಟುತ್ತಿಲ್ಲ. 2000ದಲ್ಲಿ ಶೇ 22ರಷ್ಟಿದ್ದ ಅಂಥವರ ಪ್ರಮಾಣ 2022ಕ್ಕೆ ಶೇ 49ಕ್ಕೆ ಏರಿತು. ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42. ಹೆಂಗಸರ ಸಂಖ್ಯೆ ನೋಡಿ ಅವರನ್ನು ಸೋಮಾರಿಗಳೆಂದುಕೊಳ್ಳುವುದು ಅನ್ಯಾಯ. ಬೆಳಗಿನಿಂದ ರಾತ್ರಿಯವರೆಗೆ ನಿಂತೇ ದುಡಿದರೂ ಉಸಿರು ಬಿರುಸಾಗುವಂಥ ಅರ್ಧ ಗಂಟೆ ತನಗೆಂದು ಸಿಗದವರೇ ಅವರಲ್ಲಿ ಹೆಚ್ಚು. ಕತ್ತಲಾದ ಮೇಲೆ ಧೈರ್ಯವಾಗಿ ಓಡಾಡುವ ಬೀದಿಯಿಲ್ಲ, ಚಪ್ಪಡಿ ಎದ್ದುಹೋದ ಫುಟ್‌ಪಾತಿನ ಮೇಲೆ ಸ್ಕೂಟರುಗಳು. ನಡೆಯಿರಿ ಎಂದು ಬುದ್ಧಿ ಹೇಳುವವರೆಲ್ಲ ನಡೆಯಲು ಜಾಗ ಕೊಡಿ ಎಂದೂ ನಗರಸಭೆಯನ್ನು ಕೇಳಬೇಕು.

◆ ‘ಮಧ್ಯಮ ಶ್ರಮ’ ಅಂದರೆ ಎಷ್ಟು ಎಂದು ತಿಳಿಯಲು ಯಂತ್ರ ಬೇಕಿಲ್ಲ. ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ಅದು ತೀವ್ರ ಶ್ರಮ.

◆ ಸುಶ್ರುತ ಸಂಹಿತೆ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದು ವಿಧಿಸುತ್ತದೆ. ಅರ್ಧ ಮುಗಿಯಿತೆಂದು ತಿಳಿಯುವುದು ಹೇಗೆ? ಬಾಯಿಂದ ಉಸಿರು ಬಿಡುವ ಹಾಗಾದಾಗ. ವಯಸ್ಸು, ಬಲ, ಊಟ, ಕಾಲ ಎಲ್ಲವನ್ನೂ ನೋಡಿ ಅಳತೆ ಹಾಕಿಕೊಳ್ಳಿ ಎಂಬ ಎಚ್ಚರವೂ ಅಲ್ಲೇ ಇದೆ.

◆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಅವರ ಮುಖ್ಯ ವೃತ್ತಿ ಅಂಗಸಾಧನೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಅವರು ಪಾಶ್ಚಾತ್ಯ ದೇಹದಾರ್ಢ್ಯದ ಜೊತೆಗೆ ಸೂರ್ಯನಮಸ್ಕಾರವನ್ನು ಹದವಾಗಿ ಬೆರೆಸಿದರು. ದೂರದವರಿಗೆ ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು.

◆ ಊಟವಾದ ಮೇಲಿನ ಹತ್ತು ನಿಮಿಷದ ನಡಿಗೆ ಬಹಳ ಬೆಲೆಯುಳ್ಳದ್ದು. ಸಕ್ಕರೆ ಕಾಯಿಲೆ ಇರುವವರನ್ನು ನ್ಯೂಜಿಲೆಂಡಿನಲ್ಲಿ ಎರಡು ರೀತಿ ನಡೆಸಿ ನೋಡಿದರು: ದಿನದಲ್ಲಿ ಯಾವಾಗಲಾದರೂ ಒಮ್ಮೆ 30 ನಿಮಿಷ, ಇಲ್ಲವೇ ಮೂರೂ ಊಟದ ನಂತರ ಹತ್ತತ್ತು ನಿಮಿಷ. ಒಟ್ಟು ನಡಿಗೆ ಅಷ್ಟೇ. ಆದರೂ ಊಟದ ನಂತರ ನಡೆದಾಗ ರಕ್ತದ ಸಕ್ಕರೆಯ ಏರಿಕೆ ಸರಾಸರಿ ಶೇ 12ರಷ್ಟು ಕಡಿಮೆಯಾಯಿತು, ರಾತ್ರಿ ಊಟದ ನಂತರವಂತೂ ಶೇ 22ರಷ್ಟು. ಕಾರಣ ಸ್ನಾಯುಗಳಲ್ಲಿದೆ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ತಾನೇ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲೂ ಈ ದಾರಿ ತೆರೆದೇ ಇರುತ್ತದೆ. ಅನ್ನ ಅಥವಾ ಮುದ್ದೆ ಉಂಡು ನೇರವಾಗಿ ಟಿವಿ ಮುಂದೆ ಕೂರುವ ನಮ್ಮ ಮನೆಗಳಿಗೆ ಇಷ್ಟು ಸುಲಭದ ಮದ್ದು ಬೇರೆ ಇಲ್ಲ.

◆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಚೆನ್ನೈನ ವೈದ್ಯರು ಮೂರು ವರ್ಷ ಗಮನಿಸಿದರು. ದಿನಾ ಬಿರುಸು ನಡಿಗೆ ಮತ್ತು ಊಟದಲ್ಲಿ ಹಿತಮಿತ, ಇಷ್ಟರಿಂದಲೇ ಕಾಯಿಲೆ ಬರುವ ಸಂಭವ ಶೇ 28.5ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ 26.4. ಎರಡನ್ನೂ ಸೇರಿಸಿ ಕೊಟ್ಟರೆ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಇದು ನಮ್ಮ ನೆರೆಯ ಊರಿನಲ್ಲೇ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ. ಕಾಯಿಲೆ ಈಗಾಗಲೇ ಬಂದವರು ಇದನ್ನು ಓದಿ ಮಾತ್ರೆ ನಿಲ್ಲಿಸಬಾರದು.

◆ ನಿಧಾನವಾಗಿ ಶುರುಮಾಡಿ ಎಂದು ವೈದ್ಯರು ಒತ್ತಿ ಹೇಳುವುದೇಕೆ ಗೊತ್ತೇ? ಹೃದಯಾಘಾತವಾದ 1,228 ಜನರನ್ನು ಅಮೆರಿಕದಲ್ಲಿ ವಿಚಾರಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ಅಭ್ಯಾಸವೇ ಇಲ್ಲದವರು ಏಕಾಏಕಿ ಭಾರೀ ಶ್ರಮ ಮಾಡಿದರೆ ಮುಂದಿನ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ನೂರು ಪಟ್ಟಿಗೂ ಹೆಚ್ಚು. ವಾರಕ್ಕೆ ಐದು ದಿನ ಅಥವಾ ಹೆಚ್ಚು ವ್ಯಾಯಾಮ ಮಾಡುವವರಲ್ಲಿ ಅದೇ ಏರಿಕೆ ಎರಡೂವರೆ ಪಟ್ಟಿನೊಳಗೆ. ಆ ಒಂದು ಗಂಟೆಯ ಅಪಾಯ ಲೆಕ್ಕದಲ್ಲಿ ಸಣ್ಣದೇ, ಹೆದರಿ ಕೂರಬೇಕಾಗಿಲ್ಲ. ಆದರೆ ವರ್ಷವಿಡೀ ಕೂತು, ಹೊಸ ವರ್ಷದ ದಿನ ಜಿಮ್ ಸೇರಿ ಪಕ್ಕದ ಹುಡುಗನ ಸಮಕ್ಕೆ ಓಡಲು ಹೋಗುವುದು ಮಾತ್ರ ಬೇಡವೇ ಬೇಡ.

◆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಳಿದ ಮರುದಿನ ತೊಡೆ ಹಿಡಿದುಕೊಳ್ಳುವುದು ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅದರಿಂದ ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗುತ್ತವೆ. ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ ಎನ್ನುವುದು ತಪ್ಪು; ಅದು ಒಂದೆರಡು ಗಂಟೆಯೊಳಗೇ ರಕ್ತದಿಂದ ಕರಗಿಹೋಗಿರುತ್ತದೆ. ಮೈಕೈ ನೋವು ಎರಡನೇ ದಿನ ಹೆಚ್ಚಾಗಿ ತಾನಾಗಿ ಇಳಿಯುತ್ತದೆ. ಅದೇ ಕೆಲಸ ಎರಡನೇ ಸಲ ಮಾಡಿದಾಗ ನೋವು ಎಷ್ಟೋ ಕಡಿಮೆ.

◆ ಮೊದಲ ಕೆಲವು ವಾರಗಳಲ್ಲಿ ಬಲ ಹೆಚ್ಚುವುದು ಸ್ನಾಯು ದಪ್ಪವಾಗಿ ಅಲ್ಲ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳಲು ನರಗಳು ಕಲಿಯುತ್ತವೆ. ಕನ್ನಡಿಯಲ್ಲಿ ಬದಲಾವಣೆ ಕಾಣದಿದ್ದರೂ ಮೆಟ್ಟಿಲು ಹತ್ತುವುದು ಹಗುರವಾಗುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳು ಮಾತ್ರ ಬಹಳ ನಿಧಾನವಾಗಿ ಗಟ್ಟಿಯಾಗುತ್ತವೆ. ಮೈ ಹಗುರವಾಯಿತೆಂದು ಮೂರನೇ ವಾರದಲ್ಲಿ ಒಮ್ಮೆಲೇ ದೂರ, ಭಾರ, ವೇಗ ಮೂರನ್ನೂ ಏರಿಸಿದವರಿಗೆ ಹಿಮ್ಮಡಿ, ಮಂಡಿ, ಭುಜದ ನೋವು ಅಂಟಿಕೊಳ್ಳುವುದು ಇದಕ್ಕೇ. ಏರಿಸುವುದಾದರೆ ಒಂದನ್ನೇ ಏರಿಸಿ.

◆ ವಯಸ್ಸಾದ 120 ಜನರನ್ನು ಅಮೆರಿಕದಲ್ಲಿ ಎರಡು ಗುಂಪು ಮಾಡಿ, ಒಂದನ್ನು ವಾರಕ್ಕೆ ಮೂರು ದಿನ ನಡೆಸಿದರು. ವರ್ಷ ಕಳೆಯುವ ಹೊತ್ತಿಗೆ ನಡೆದವರ ಮಿದುಳಿನಲ್ಲಿ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಭಾಗ ಶೇ 2ರಷ್ಟು ಬೆಳೆದಿತ್ತು. ಬರೀ ಮೈಚಾಚುವ ಕಸರತ್ತು ಮಾಡಿದವರಲ್ಲಿ ಅದು ಕುಗ್ಗಿತ್ತು. ಆ ವೃದ್ಧರನ್ನು ಶುರುಮಾಡಿಸಿದ ರೀತಿ ಇನ್ನೂ ಉಪಯುಕ್ತ. ಮೊದಲ ವಾರ ಹತ್ತೇ ನಿಮಿಷ. ಪ್ರತಿ ವಾರ ಐದು ನಿಮಿಷ ಸೇರಿಸುತ್ತ ಏಳನೇ ವಾರಕ್ಕೆ ನಲವತ್ತು ನಿಮಿಷ. ಮನೆಯಲ್ಲೂ ಹೀಗೇ ಮಾಡಬಹುದು. ಆರಂಭದ ಮತ್ತು ಕೊನೆಯ ಎರಡು ನಿಮಿಷ ಸಾವಕಾಶವಾಗಿ, ನಡುವೆ ಮಾತಿಗೆ ಸಿಗುವಷ್ಟು ಬಿರುಸಾಗಿ ನಡೆಯಿರಿ. ಒಂದು ವಾರದ ಅಳತೆ ಕಷ್ಟವೆನಿಸಿದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿ.

◆ ಓಡಬೇಕೆಂಬ ಆಸೆಯೇ? ಒಂಬತ್ತು ವಾರದಲ್ಲಿ ಐದು ಕಿಲೋಮೀಟರ್ ಓಡಿಸುವ ‘ಕೌಚ್ ಟು ಫೈವ್ ಕೆ’ ಕ್ರಮವನ್ನು ಜೋಶ್ ಕ್ಲಾರ್ಕ್ 1996ರಲ್ಲಿ ರೂಪಿಸಿದ್ದು ತನ್ನ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಮೊದಲ ವಾರ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ವಾರಕ್ಕೆ ಮೂರೇ ದಿನ.

◆ ಬೆನ್ನುನೋವಿಗೆ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ಹಳೆಯದು. ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ನಡಿಗೆಯನ್ನು ಹಂತಹಂತವಾಗಿ ಹೆಚ್ಚಿಸಿಕೊಂಡವರಿಗೆ ನೋವು ಮರಳಲು ಸುಮಾರು 208 ದಿನ ಹಿಡಿಯಿತು, ಉಳಿದವರಿಗೆ 112 ದಿನ.

◆ ಕೈಹಿಡಿತದ ಬಲ ಆಯುಸ್ಸಿನ ಸೂಚಿ! 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ಪರೀಕ್ಷಿಸಿದ ‘ಪ್ಯೂರ್’ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡಿತ್ತು. ಹಿಡಿತ ಐದು ಕಿಲೋ ಕುಂದಿದರೆ ಸಾವಿನ ಅಪಾಯ ಶೇ 16ರಷ್ಟು ಏರುತ್ತದೆಂದು ಅದು ಕಂಡುಕೊಂಡಿತು. ಹಿಡಿತವೆಂದರೆ ಇಡೀ ಮೈಯ ಬಲದ ಗುರುತು. ಆದ್ದರಿಂದ ನಡಿಗೆಯೊಂದೇ ಸಾಲದು. ವಾರಕ್ಕೆರಡು ದಿನ, ಕೈ ಊರದೆ ಕುರ್ಚಿಯಿಂದ ಎಂಟು–ಹತ್ತು ಸಲ ಎದ್ದು ಕೂರಿ. ಗೋಡೆಗೆ ಅಂಗೈ ಒತ್ತಿ ದಂಡ ಹೊಡೆಯಿರಿ. ಮಂಡಿ ಒಪ್ಪಿದರೆ ಮುಂದೆ ಬಸ್ಕಿಗೆ ಬನ್ನಿ.

◆ ವಯಸ್ಸಾಯಿತು, ಇನ್ನೇನು ಎನ್ನುವವರಿಗೆ ಎರಡು ಸುದ್ದಿ. 1966ರಲ್ಲಿ ಡಲ್ಲಾಸ್‌ನಲ್ಲಿ ಇಪ್ಪತ್ತರ ಐವರು ಯುವಕರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ಮೂವತ್ತು ವರ್ಷದ ನಂತರ ಅದೇ ಐವರನ್ನು ಪರೀಕ್ಷಿಸಿದಾಗ ತಿಳಿದದ್ದು: ಮೂವತ್ತು ವರ್ಷದ ಮುಪ್ಪು ಮೈಯ ಸಾಮರ್ಥ್ಯವನ್ನು ಕುಗ್ಗಿಸಿದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಹೆಚ್ಚು ಕುಗ್ಗಿಸಿತ್ತು. ಐವತ್ತರಲ್ಲಿ ಆರು ತಿಂಗಳು ನಿಧಾನವಾಗಿ ತರಬೇತಿ ಕೊಟ್ಟಾಗ ಅವರು ಇಪ್ಪತ್ತರಲ್ಲಿದ್ದ ಮಟ್ಟಕ್ಕೆ ಮರಳಿದರು. ಇನ್ನೊಂದು ಬೋಸ್ಟನ್ನಿನ ವೃದ್ಧಾಶ್ರಮದ್ದು, 1990ರದು. ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ತೂಕ ಎತ್ತಿಸಿದಾಗ ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟು ನಡೆದರು.

◆ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕಿಮೋಥೆರಪಿ ಮುಗಿಸಿದ 889 ಜನರಲ್ಲಿ ಒಂದು ಗುಂಪಿಗೆ ಮೂರು ವರ್ಷ ಕ್ರಮಬದ್ಧ ವ್ಯಾಯಾಮ ಮಾಡಿಸಿದರು. ಎಂಟು ವರ್ಷದ ನಂತರ ಆ ಗುಂಪಿನಲ್ಲಿ ನೂರಕ್ಕೆ 90 ಮಂದಿ ಬದುಕಿದ್ದರು, ಇನ್ನೊಂದರಲ್ಲಿ 83. ಇದು 2025ರ ಸುದ್ದಿ.

◆ ಬರೀ ವ್ಯಾಯಾಮದಿಂದ ತೂಕ ಹೆಚ್ಚು ಇಳಿಯುವುದಿಲ್ಲ. ಒಂದು ಮಸಾಲೆ ದೋಸೆಯ ಶಕ್ತಿ ಕರಗಬೇಕಾದರೆ ಗಂಟೆಗೂ ಹೆಚ್ಚು ಬಿರುಸಾಗಿ ನಡೆಯಬೇಕು. ತಿಂಗಳಾದರೂ ತೂಕದ ಮುಳ್ಳು ಅಲ್ಲಾಡಲಿಲ್ಲವೆಂದು ಬಿಟ್ಟವರು ಎಷ್ಟೋ ಮಂದಿ. ಅಷ್ಟರಲ್ಲಿ ಅವರ ಬಿಪಿ, ಸಕ್ಕರೆ, ನಿದ್ದೆ ಸುಧಾರಿಸುತ್ತಿದ್ದಿರಬಹುದು. ಮುಳ್ಳು ಅದನ್ನು ತೋರಿಸುವುದಿಲ್ಲ.

◆ ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಲೆಸುತ್ತು, ಶ್ರಮಕ್ಕೆ ಮೀರಿದ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ಟ್ರಿಕ್ ಎಂದು ತಡಮಾಡಬಾರದು. ಹೃದ್ರೋಗ, ಬಿಪಿ, ಸಕ್ಕರೆ ಇರುವವರು ಶುರುಮಾಡುವ ಮೊದಲೇ ವೈದ್ಯರನ್ನು ಕಾಣಲಿ. ಇನ್ಸುಲಿನ್ ಚುಚ್ಚಿಕೊಳ್ಳುವವರು ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇಟ್ಟುಕೊಂಡೇ ಹೊರಡಲಿ, ಮರಳಿದ ಮೇಲೆ ಪಾದಗಳಲ್ಲಿ ಬೊಬ್ಬೆ, ಗಾಯ ಇದೆಯೇ ಎಂದು ನೋಡಿಕೊಳ್ಳಲಿ.

◆ ಒಂದು ಸಲದ ವ್ಯಾಯಾಮದಿಂದ ಇನ್ಸುಲಿನ್ ಚುರುಕಾಗಿ ಕೆಲಸ ಮಾಡುವುದು ಒಂದರಿಂದ ಮೂರು ದಿನ ಮಾತ್ರ. ಆದ್ದರಿಂದ ಸಕ್ಕರೆ ಕಾಯಿಲೆಯವರು ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದು ಎನ್ನುತ್ತಾರೆ ವೈದ್ಯರು. ಮದುವೆ, ಜಾತ್ರೆ, ಜ್ವರ ಎಂದು ವಾರ ತಪ್ಪಿದರೆ ಬಿಟ್ಟ ಅಳತೆಯ ಅರ್ಧದಿಂದ ಮತ್ತೆ ಹಿಡಿಯಿರಿ.