ಮನೆಯ ನುಡಿ, ಊರಿನ ನುಡಿ ಮತ್ತು ಮಗುವಿನ ಕಲ್ಪನಾಶಕ್ತಿ

ನೆಲಮಂಗಲದ ಬಳಿಯ ಅರಿಶಿನಕುಂಟೆಯಂತಹ ಊರುಗಳಲ್ಲಿ ಮನೆಯೊಳಗೆ ತೆಲುಗನ್ನೋ ಉರ್ದುವನ್ನೋ ಆಡಿ, ಹೊಸ್ತಿಲು ದಾಟಿದೊಡನೆ ಕನ್ನಡಕ್ಕೆ ಹೊರಳುವ ಕುಟುಂಬಗಳುಂಟು. ಎರಡು ಭಾಷೆಗಳಿಂದ ಮಗುವಿನ ಬುದ್ಧಿ ಗೊಂದಲಕ್ಕೀಡಾದೀತೆಂದು ಅಂಜಿ ಕೆಲವು ತಾಯಂದಿರು ತಮ್ಮ ನುಡಿಯನ್ನೇ ಮಗುವಿನೊಡನೆ ಆಡದೆ ಬಿಡುತ್ತಾರೆ. ಈ ಅಂಜಿಕೆಗೆ ಆಧಾರವಿಲ್ಲ.

ತೆಲುಗು ಆಡುವ ಅಜ್ಜಿಗೆ ‘ಪಾಲು’ ಎಂದರೆ ಹಾಲು. ಕನ್ನಡದಲ್ಲಿ ಅದೇ ಪದಕ್ಕೆ ಭಾಗವೆಂದರ್ಥ. ಎರಡನ್ನೂ ಬಲ್ಲ ಮಗು ‘ನನ್ನ ಪಾಲಿನ ಪಾಲು ಕೊಡು’ ಎಂದು ನಗಬಲ್ಲದು. ಪದವೇ ಬೇರೆ, ವಸ್ತುವೇ ಬೇರೆ ಎಂಬ ಅರಿವು ಅದಕ್ಕೆ ಆಟದಲ್ಲಿಯೇ ಮೂಡುತ್ತದೆ. ಒಗಟು, ಕಥೆ, ಕವಿತೆಗಳು ಹುಟ್ಟುವುದು ಇಂತಹ ಅರಿವಿನಿಂದಲೇ. ಮನೆಯಲ್ಲಿ ಮರಾಠಿ ಆಡುತ್ತಿದ್ದ ದ. ರಾ. ಬೇಂದ್ರೆಯವರು ಧಾರವಾಡದ ಕನ್ನಡದಲ್ಲಿ ಕವಿತೆ ಕಟ್ಟಿ 1973ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ತಮಿಳು ಮನೆಮಾತಿನ ಮಾಸ್ತಿಯವರು ಕನ್ನಡ ಸಣ್ಣಕಥೆಗೆ ತಳಹದಿ ಹಾಕಿದರು. ಎಲ್ಲ ಮಕ್ಕಳೂ ಕವಿಗಳಾಗುವುದಿಲ್ಲ, ನಿಜ. ಆದರೆ ಕಥೆ ಹೇಳುವ ಅಜ್ಜಿಯನ್ನು ಸುಮ್ಮನಾಗಿಸಿದರೆ ನಷ್ಟ ಮಗುವಿಗೇ.

ಆದುದರಿಂದ ದಂಪತಿಗಳು ತಮಗೆ ಸಲೀಸಾದ ಭಾಷೆಯಲ್ಲಿಯೇ ಹುಟ್ಟಿದಂದಿನಿಂದ ಮಗುವಿನೊಡನೆ ಮಾತನಾಡಬೇಕು. ಮಗು ಒಂದೇ ವಾಕ್ಯದಲ್ಲಿ ಎರಡೂ ನುಡಿಗಳನ್ನು ಬೆರೆಸಿದರೆ ಗದರಬಾರದು, ಅದು ಸಹಜ. ಎರಡು ವರ್ಷ ತುಂಬಿದರೂ ಯಾವ ಭಾಷೆಯಲ್ಲಿಯೂ ಎರಡು ಪದ ಜೋಡಿಸಿ ಆಡದಿದ್ದರೆ, ಭಾಷೆಗಳನ್ನು ದೂರುತ್ತ ಕುಳಿತುಕೊಳ್ಳದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಮೊದಲು ಮಗುವಿಗೆ ಕಿವಿ ಸರಿಯಾಗಿ ಕೇಳಿಸುವುದೇ ಎಂದು ಪರೀಕ್ಷೆ ಮಾಡಿಸತಕ್ಕದ್ದು.