ವೈನಿನ ಗ್ಲಾಸು ಕಲಿಸಿದ ಕಾಟು ಮಾವಿನ ಪಾಠ

"ಮಾವ, ಕುಡಿಯುವುದಲ್ಲ, ರುಚಿ ನೋಡುವುದು. ನೀವೂ ಬನ್ನಿ" ಅಂದ ಅಳಿಯ. ಬೆಂಗಳೂರಿಗೆ ಮಗಳ ಮನೆಗೆ ಹೋದವನು ಹಾಗೆ ಅವನ ಗೆಳೆಯರ ಜತೆ ಕುಳಿತೆ. ಒಟ್ಟು ಎಂಟು ಮಂದಿ, ಎಲ್ಲರಿಗೂ ವೈನಿನ ಮರುಳು. ಬಂಟ್ವಾಳದ ಅಡಿಕೆ ತೋಟದವನಾದ ನನಗೆ ಗೊತ್ತಿದ್ದದ್ದು ಕ್ರಿಸ್ಮಸ್ಸಿಗೆ ಮನೆಯ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ ಹಾಕಿ ಮಾಡುವ ವೈನ್ ಮಾತ್ರ.

ಮೇಜಿನಲ್ಲಿ ಐದು ಬಾಟಲಿ. ಎಲ್ಲದಕ್ಕೂ ಕಾಗದ ಸುತ್ತಿ ನಂಬರ್ ಬರೆದಿದ್ದರು. ಯುರೋಪಿನದ್ದು ಎಂದಷ್ಟೇ ನಮಗೆ ಗೊತ್ತು. ಯಾವ ದೇಶ, ಎಷ್ಟು ಕ್ರಯ ಎಂಬುದು ತಂದವನಿಗೆ ಮಾತ್ರ.

ಇದನ್ನು ಬರೆಯುವುದು ವೈನಿನ ಪ್ರಚಾರಕ್ಕಲ್ಲ. ನಮ್ಮ ಹಣ್ಣುಗಳನ್ನು ತೂಗಿ ನೋಡಲು ಈ ಕ್ರಮ ಲಾಯ್ಕುಂಟು ಅನಿಸಿದ್ದಕ್ಕೆ.

ಕಣ್ಣು, ಮೂಗು, ನಾಲಗೆ

ಗ್ಲಾಸಿಗೆ ಎರಡು-ಮೂರು ಚಮಚದಷ್ಟೇ ಹೊಯ್ಯುತ್ತಾರೆ. ಮೊದಲು ಬಿಳಿ ಕಾಗದದ ಎದುರು ಹಿಡಿದು ಬಣ್ಣ ನೋಡಬೇಕು. ಕೆಂಪು ವೈನ್ ಹಳತಾದಂತೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಗ್ಲಾಸನ್ನು ಮೆಲ್ಲ ತಿರುಗಿಸಿ ಮೂಸಬೇಕು. ಗಾಳಿ ತಾಗಿದರೆ ಪರಿಮಳ ಏಳುತ್ತದೆ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ಮೂಗಿನದ್ದೇ. ಶೀತ ಆದಾಗ ಊಟ ಸಪ್ಪೆ ಆಗುವುದಿಲ್ಲವೇ?

ಕೊನೆಗೆ ಒಂದು ಗುಟುಕು. ಬಾಯಿ ತುಂಬ ಓಡಾಡಿಸಿ ಪಾತ್ರೆಗೆ ಉಗಿಯಬೇಕು. ನುಂಗುತ್ತಾ ಹೋದರೆ ಐದನೆಯದಕ್ಕೆ ತೀರ್ಪು ಹೇಳುವ ಸ್ಥಿತಿ ಇರುವುದಿಲ್ಲ! ಸಿಹಿ, ಹುಳಿ, ಒಗರು ಬೇರೆ ಬೇರೆ ಗಮನಿಸಬೇಕು. ಕೆಂಪು ವೈನನ್ನು ದ್ರಾಕ್ಷಿಯ ಸಿಪ್ಪೆ ಸಮೇತ ಹುಳಿ ಬರಿಸುವ ಕಾರಣ ಒಗರು ಹೆಚ್ಚು. "ಎಳೆ ಅಡಿಕೆ ಜಗಿದ ಹಾಗಾಗುತ್ತದೆ" ಅಂದೆ. ಎಲ್ಲರೂ ನಕ್ಕರು. "ಸರಿಯೇ ಹೇಳಿದಿರಿ, ಎರಡರಲ್ಲೂ ಇರುವುದು ಟ್ಯಾನಿನ್" ಅಂದ ಬಾಟಲಿ ತಂದವ.

ಒಂದರಿಂದ ಇನ್ನೊಂದಕ್ಕೆ ಹೋಗುವ ಮೊದಲು ನೀರು, ಸಪ್ಪೆ ಬ್ರೆಡ್ಡು. ಬಿಳಿ ವೈನ್ ಮೊದಲು, ಕೆಂಪು ಆಮೇಲೆ. ಅಂಕ ಬರೆದು ಮುಗಿಯುವ ವರೆಗೆ ಯಾರೂ ಅಭಿಪ್ರಾಯ ಹೇಳುವಂತಿಲ್ಲ. ಒಬ್ಬ ಹೊಗಳಿದರೆ ಉಳಿದವರ ನಾಲಗೆಯೂ ಅತ್ತಲೇ ವಾಲುತ್ತದೆ.

ಕಾಗದ ಬಿಚ್ಚಿದಾಗ

ಹೆಚ್ಚಿನವರು ಮೊದಲ ಸ್ಥಾನ ಕೊಟ್ಟದ್ದು ನಾಲ್ಕನೇ ನಂಬರಿಗೆ. ಅದು ಸ್ಪೇನಿನ ರಿಯೋಹ ಪ್ರದೇಶದ್ದು, ಐದರಲ್ಲಿ ಅತಿ ಅಗ್ಗದ್ದು. ಎಲ್ಲಕ್ಕಿಂತ ದುಬಾರಿಯಾದ ಫ್ರಾನ್ಸಿನ ಬೋರ್ಡೋ ವೈನಿಗೆ ಮೂರನೇ ಸ್ಥಾನ.

ಇಂಥದ್ದು ದೊಡ್ಡವರಿಗೂ ಆಗಿದೆ. 1976ರ ಮೇ 24ರಂದು ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರ್ರಿಯರ್ ಎಂಬ ಇಂಗ್ಲಿಷ್ ವೈನ್ ವ್ಯಾಪಾರಿ ಹೆಸರು ಮುಚ್ಚಿ ರುಚಿ ನೋಡಿಸಿದರು. ತೀರ್ಪುಗಾರರು ಫ್ರಾನ್ಸಿನ ಪಳಗಿದ ಮಂದಿ. ಬಿಳಿ, ಕೆಂಪು ಎರಡರಲ್ಲೂ ಗೆದ್ದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ವೈನ್!

ಇನ್ನೊಂದು ವಿಷಯ ನಮ್ಮಂಥವರಿಗೆ ಮುಖ್ಯ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳ ಬೇರು ಹೀರಿ ತೋಟಗಳನ್ನೇ ಕೊಂದಿತು. ಕೀಟ ಬಂದದ್ದು ಅಮೆರಿಕದಿಂದ. ಅದನ್ನು ತಾಳಿಕೊಳ್ಳುವ ಬಳ್ಳಿಯೂ ಅಲ್ಲಿಯದ್ದೇ. ಅದರ ಬೇರುಗಿಡಕ್ಕೆ ತಮ್ಮ ಜಾತಿಯ ಕುಡಿ ಕಸಿ ಕಟ್ಟಿ ಅವರು ಹಳೆಯ ರುಚಿ ಉಳಿಸಿಕೊಂಡರು. ಯುರೋಪಿನ ಹೆಚ್ಚಿನ ಬಳ್ಳಿಗಳು ಇಂದಿಗೂ ಕಸಿಯವೇ.

ನಮ್ಮ ಜಗಲಿಯಲ್ಲಿ

ಊರಿಗೆ ಬಂದವನಿಗೆ ನೆನಪಾದದ್ದು ಕಾಟು ಮಾವು. ಮರಗಳು ಒಂದೊಂದೇ ಹೋಗುತ್ತಿವೆ. ಗೊರಟು ನೆಟ್ಟರೆ ತಾಯಿಮರದ ರುಚಿಯೇ ಬರುತ್ತದೆಂಬ ಭರವಸೆ ಇಲ್ಲ, ಕಸಿಯೇ ಆಗಬೇಕು. ಎಲ್ಲವನ್ನೂ ಕಟ್ಟಲಾಗದು. ಹಾಗಾದರೆ ಯಾವುದನ್ನು?

ಎರಡು ವರ್ಷ ಹಿಂದೆ ಮೇ ತಿಂಗಳಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಒಂಬತ್ತು ಮಂದಿ ನಮ್ಮ ಜಗಲಿಯಲ್ಲಿ ಸೇರಿದೆವು. ಹನ್ನೊಂದು ಮರದ ಹಣ್ಣು ಬಂತು. ಸಮನಾಗಿ ಹಣ್ಣಾದವನ್ನೇ ಆರಿಸಿ, ಗುರುತು ಸಿಗದ ಹಾಗೆ ಸಿಪ್ಪೆ ತೆಗೆದು ಹೆಚ್ಚಿ, ಬಾಳೆಲೆ ತುಂಡಿನಲ್ಲಿ ನಂಬರ್ ಹಾಕಿ ಇಟ್ಟೆವು. ಸಿಹಿ, ಹುಳಿ, ಪರಿಮಳ, ನಾರು, ಸೊನೆ ವಾಸನೆ – ಒಂದೊಂದಕ್ಕೆ ಐದು ಅಂಕ. ನಡುವೆ ನೀರು, ಸಪ್ಪೆ ಅವಲಕ್ಕಿ. ಆರು ಹಣ್ಣಾದ ಮೇಲೆ ಅರ್ಧ ಗಂಟೆ ಬಿಡುವು, ನಾಲಗೆಗೂ ದಣಿವುಂಟು.

ಅಪ್ಪ ಜೀವಮಾನವಿಡೀ ಹೊಗಳಿದ ನಮ್ಮ ಬಾವಿಕಟ್ಟೆ ಮಾವಿಗೆ ಏಳನೇ ಸ್ಥಾನ! ಅದಕ್ಕೆ ಕಡಿಮೆ ಅಂಕ ಕೊಟ್ಟವರಲ್ಲಿ ನಾನೂ ಒಬ್ಬ. ಮೊದಲು ಬಂದದ್ದು ಮೂಡುಬಿದಿರೆ ಹತ್ತಿರ ರಸ್ತೆ ಬದಿಯ, ಯಾರೂ ಹೆಕ್ಕದ ಸಣ್ಣ ಹಣ್ಣು. ರಸ್ತೆ ಅಗಲ ಮಾಡಲು ಆ ಮರಕ್ಕೆ ಆಗಲೇ ಗುರುತು ಬಿದ್ದಿತ್ತು.

ತಡ ಮಾಡಲಿಲ್ಲ. ಕುಡಿಗಳ ಎಲೆಯನ್ನು ತೊಟ್ಟು ಉಳಿಸಿ ಸವರಿ, ಹತ್ತು ದಿನ ಬಿಟ್ಟು ತಂದು ಮಳೆಗಾಲ ಹಿಡಿಯುತ್ತಲೇ ಹನ್ನೆರಡು ಕಸಿ ಕಟ್ಟಿದೆವು. ಏಳು ಬದುಕಿತು. ಮರುವರ್ಷ ಹಣ್ಣಾಗುವ ಮೊದಲೇ ಮರ ಉರುಳಿತು. ಈಗ ಅದು ಇರುವುದು ಮೂರು ತಾಲೂಕಿನ ಆ ಏಳು ಗಿಡಗಳಲ್ಲಿ ಮಾತ್ರ.

ಒಂದು ಎಚ್ಚರಿಕೆ: ಒಂದೇ ಸಲದ ಅಂಕ ನಂಬಿ ಯಾವ ಮರವನ್ನೂ ಕೈಬಿಡಬೇಡಿ. ಮಳೆ ಬಿದ್ದ ಮೇಲಿನ ಹಣ್ಣು ಸಪ್ಪೆ. ತಿನ್ನಲು ಹಿಂದೆ ಬಿದ್ದದ್ದು ಉಪ್ಪಿನಕಾಯಿಗೋ ಮಾಂಬಳಕ್ಕೋ ಮುಂದೆ ಬಂದೀತು. ನಮ್ಮ ಬಾವಿಕಟ್ಟೆ ಮರವನ್ನೂ ಉಳಿಸಿಕೊಂಡಿದ್ದೇನೆ. ಅದರ ಗೊಜ್ಜಿಗೆ ಇನ್ನೂ ಯಾರೂ ಅಂಕ ಹಾಕಿಲ್ಲ!